ಬ್ರೌನ್‌ಸೀ ದ್ವೀಪದ ಆ ಹಿರಿಯರಿಗೆ

ಸ್ಕೌಟ್ ಶಿಬಿರಗಳ ಜಾಗಕ್ಕೆ ಹೋಗಿ, ಅಲ್ಲೇ ನಿಂತು ಜಿಪಿಎಸ್‌ನಲ್ಲಿ ಅಕ್ಷಾಂಶ-ರೇಖಾಂಶ ಗುರುತಿಸಿ, ಫೋಟೊ ಜೊತೆ ಬೇರೆಯವರಿಗೆ ಹಂಚುವುದು ನನಗೂ ಮಗಳಿಗೂ ಇಷ್ಟದ ಹವ್ಯಾಸ. ಇಂಗ್ಲೆಂಡಿನ ಪೂಲ್ ಬಂದರಿನಲ್ಲಿರುವ ಬ್ರೌನ್‌ಸೀ ದ್ವೀಪವನ್ನು ಬಿಡುವುದುಂಟೇ? 1907ರ ಆಗಸ್ಟ್‌ನಲ್ಲಿ ಸ್ಕೌಟ್ ಚಳವಳಿಯ ಸ್ಥಾಪಕ ಬೇಡನ್ ಪೊವೆಲ್ ಸುಮಾರು 20 ಹುಡುಗರನ್ನು ಕಟ್ಟಿಕೊಂಡು ಮೊದಲ ಶಿಬಿರ ನಡೆಸಿದ್ದು ಅಲ್ಲೇ.

ನೆನಪಿನ ಕಲ್ಲಿನ ಹತ್ತಿರ ಬಂದೆವು, ಜಿಪಿಎಸ್ ಆಫ್ ಆಯಿತು. ಹೊಸ ಸೆಲ್ ಹಾಕಿಯೇ ಹೊರಟಿದ್ದೆವು. ಬಿಡಿ ಸೆಲ್ಲುಗಳೂ ಕೆಲಸ ಮಾಡಲಿಲ್ಲ. ವಾಪಸ್ ದೋಣಿಗೆ ಹೊತ್ತಾಗುತ್ತಿತ್ತು. ಮಗಳ ಕಣ್ಣಲ್ಲಿ ನೀರು.

ಅಲ್ಲೇ ದಾರಿ ನೋಡಿಕೊಳ್ಳುತ್ತಿದ್ದ ಸ್ವಯಂಸೇವಕರೊಬ್ಬರು ಹತ್ತಿರ ಬಂದರು. ಏನೂ ಕೇಳಲಿಲ್ಲ. ಚೀಲದಿಂದ ಟಾರ್ಚ್ ತೆಗೆದು, ಹಿಂಬದಿ ಮುಚ್ಚಳ ತಿರುಗಿಸಿ, ಎರಡು ಸೆಲ್ ಅಂಗೈಗೆ ಸುರಿದುಕೊಂಡರು. ತುದಿಗಳನ್ನು ತೋಳಿಗೆ ಉಜ್ಜಿ, ಮಗಳ ಕೈಗೇ ಕೊಟ್ಟರು. "ನೀನೇ ಹಾಕು" ಅಂದರು. ಯಂತ್ರ ಚಾಲೂ ಆದಾಗ ಅವಳು ಕುಣಿದೇಬಿಟ್ಟಳು!

"ಅವಸರ ಬೇಡ. ಮರಗಳಿಂದ ಸ್ವಲ್ಪ ಆಚೆ ಬಾ, ಆಕಾಶ ಚೆನ್ನಾಗಿ ಕಾಣಬೇಕು" ಎಂದು ಅಂಕಿ ನಿಲ್ಲುವವರೆಗೂ ಪಕ್ಕದಲ್ಲೇ ನಿಂತರು. ಆಮೇಲೆ ದೋಣಿಕಟ್ಟೆಗೆ ಹತ್ತಿರದ ದಾರಿ ತೋರಿಸಿ, ಅರ್ಧ ದೂರ ಜೊತೆಗೇ ನಡೆದರು. ಮಳೆ ಹನಿಯುತ್ತಿತ್ತು, ಅವರಿಗೆ ಟಾರ್ಚೂ ಇಲ್ಲ. ಸೆಲ್ ವಾಪಸ್ ಕೊಡಲು ಹೋದರೆ ಕೈ ಆಡಿಸಿದರು. ಹೆಸರು ಕೇಳುವಷ್ಟರಲ್ಲಿ ದೋಣಿ ಕೂಗಿತು.

ಸರ್, ಆ ಜಾಗದ ಅಕ್ಷಾಂಶ-ರೇಖಾಂಶ ಈಗ ಮಗಳ ಹೆಸರಲ್ಲಿ ದಾಖಲಾಗಿದೆ. ನಿಮಗೆ ನಮ್ಮಿಬ್ಬರ ತುಂಬು ಧನ್ಯವಾದ.