ಕಾರ್ಡು ಉಜ್ಜಬೇಕೋ, ಮುಟ್ಟಿಸಬೇಕೋ?

ಮಾನ್ಯ ಸಂಪಾದಕರೇ,

ಕಾರ್ಡಿನಲ್ಲಿ ದುಡ್ಡು ಕೊಡುವ ವಿಷಯ ಬಂದಾಗಲೆಲ್ಲ ಪತ್ರಿಕೆಗಳು ‘ಸ್ವೈಪ್ ಮಾಡಿ’ ಅಂತಲೇ ಬರೆಯುತ್ತವೆ. ನಿಮ್ಮದೂ ಸೇರಿ. ಹಾಸನದಲ್ಲಿ ನಮ್ಮದೊಂದು ಬಟ್ಟೆ ಅಂಗಡಿ ಇದೆ, ಗಲ್ಲಾದಲ್ಲಿ ಕೂರುವವಳು ನಾನು. ನಮ್ಮಲ್ಲಿ ಸ್ವೈಪ್ ನಿಂತು ಕಾಲವಾಯ್ತು. ಈಗೇನಿದ್ದರೂ ಟ್ಯಾಪ್, ಅಂದರೆ ಕಾರ್ಡನ್ನು ಮಷೀನಿಗೆ ಮುಟ್ಟಿಸೋದು.

ಎರಡೂ ಕೈಯಿಂದ ಮಾಡುವ ಕೆಲಸವೇ, ವ್ಯತ್ಯಾಸ ಏನು ಮಹಾ ಅನ್ನಬಹುದು. ಗಲ್ಲಾದ ಮುಂದೆ ಬಂದು ನೋಡಿ. ಮೊನ್ನೆ ಒಬ್ಬರು ಹಿರಿಯರು ಮೊಮ್ಮಗಳಿಗೆ ಲಂಗ ತಗೊಂಡರು. ‘ಸ್ವೈಪ್ ತಾನೇ?’ ಅಂದವರೇ ಕಾರ್ಡನ್ನು ಮಷೀನಿನ ಪರದೆ ಮೇಲೆ ಕಡ್ಡಿ ಗೀರಿದ ಹಾಗೆ ಗೀರಿದರು. ಆಗಲಿಲ್ಲ. ಇನ್ನೂ ಜೋರಾಗಿ ಗೀರಿದರು. ಕೊನೆಗೆ ಸುಸ್ತಾಗಿ ಕೈ ನಿಲ್ಲಿಸಿದಾಗ ಬೀಪ್ ಅಂತು, ಸ್ಲಿಪ್ ಬಂತು. ಅವರಿಗೆ ಗಾಬರಿ: ‘ಪಿನ್ನೇ ಕೇಳಲಿಲ್ಲವಲ್ಲಮ್ಮಾ, ಎಷ್ಟು ಸಲ ಕಟ್ಟಾಯ್ತೋ!’ ಒಂದೇ ಸಲ ಅಂತ ನಂಬಿಸಲು ಮೊಬೈಲಿನಲ್ಲಿ ಬ್ಯಾಂಕಿನ ಮೆಸೇಜ್ ತೆಗೆದು ತೋರಿಸಬೇಕಾಯ್ತು.

ಸ್ವೈಪಿಗೆ ಕೈ ಓಡಬೇಕು. ಕಾರ್ಡಿನ ಹಿಂದಿನ ಕಪ್ಪು ಪಟ್ಟಿಯನ್ನು ಮಷೀನಿನ ಸಂದಿಯಲ್ಲಿ ಸರ್ರನೆ ಎಳೆದರೇನೇ ಅದು ಓದಿಕೊಳ್ಳೋದು. ಟ್ಯಾಪಿಗೆ ಕೈ ನಿಲ್ಲಬೇಕು. ಕಾರ್ಡಿನೊಳಗೆ ತೆಳ್ಳನೆಯ ತಂತಿ ಸುರುಳಿ ಇರುತ್ತೆ. ಮಷೀನಿನ ಹತ್ತಿರ ಹಿಡಿದಾಗ ಮಷೀನಿನಿಂದಲೇ ಕರೆಂಟು ಎಳೆದುಕೊಂಡು ಕಾರ್ಡಿನಲ್ಲಿರುವ ಚಿಪ್ ಕೆಲಸ ಮಾಡುತ್ತೆ. ತಾಗಿಸಲೇಬೇಕು ಅಂತಲೂ ಇಲ್ಲ, ಎರಡು ಮೂರು ಸೆಂಟಿಮೀಟರ್ ಹತ್ತಿರವಿದ್ದರೆ ಸಾಕು. ಹಾಗೆ ನೋಡಿದರೆ ಟ್ಯಾಪ್ ಅನ್ನೋ ಮಾತೂ ಅಷ್ಟು ಸರಿ ಇಲ್ಲ. ಬಾಗಿಲು ತಟ್ಟಿದಂತೆ ಟಕ್ ಅನಿಸಿ ಕಾರ್ಡು ಕಿತ್ತುಕೊಳ್ಳುವ ಹುಡುಗರಿಗೂ ಇಲ್ಲಿ ಬೀಪ್ ಬರಲ್ಲ.

ಪಟ್ಟಿ ಮಾತ್ರ ಇದ್ದ ಕಾರ್ಡುಗಳನ್ನು 2018ರ ಕೊನೆಯೊಳಗೆ ಬದಲಿಸಿ ಚಿಪ್ ಕಾರ್ಡು ಕೊಡಿ ಅಂತ ರಿಸರ್ವ್ ಬ್ಯಾಂಕ್ ಬ್ಯಾಂಕುಗಳಿಗೆ ಹೇಳಿತ್ತು. ಪಟ್ಟಿಯಲ್ಲಿರುವ ಮಾಹಿತಿಯನ್ನು ಕಳ್ಳರು ಸುಲಭವಾಗಿ ನಕಲು ಮಾಡುತ್ತಿದ್ದರು, ಅದಕ್ಕೆ. ಪದ್ಧತಿ ಹೋಯ್ತು, ಮಾತು ಮಾತ್ರ ಉಳೀತು.

ಇದು ಸುಮ್ನೆ ಪದದ ಜಗಳ ಅಲ್ಲ. 2021ರ ಜನವರಿ 1ರಿಂದ 5,000 ರೂಪಾಯಿವರೆಗಿನ ಟ್ಯಾಪಿಗೆ ಪಿನ್ ಬೇಕಿಲ್ಲ. ಮೊದಲು ಈ ಮಿತಿ 2,000 ಇತ್ತು. ಅಂದರೆ ಕಾರ್ಡು ಕಳೆದುಹೋದರೆ ಸಿಕ್ಕಿದವರೂ ಟ್ಯಾಪ್ ಮಾಡಬಹುದು, ಅಲ್ವಾ? ಈ ಸೌಲಭ್ಯವನ್ನು ಬ್ಯಾಂಕಿನ ಆ್ಯಪ್‌ನಲ್ಲಿ ಬಂದ್ ಮಾಡಬಹುದು, ಮಿತಿಯನ್ನು ಕಡಿಮೆಯೂ ಮಾಡಬಹುದು. ಆದರೆ ಎಲ್ಲವನ್ನೂ ಸ್ವೈಪ್ ಅಂದುಕೊಂಡವರು ಟ್ಯಾಪ್ ಅನ್ನೋ ಬಟನ್ ಯಾಕೆ ಹುಡುಕುತ್ತಾರೆ?

ನಮ್ಮ ಅಂಗಡಿ ಹುಡುಗರ ಬಾಯಲ್ಲಿ ಸ್ವೈಪಿಗೆ ‘ಉಜ್ಜೋದು’, ಟ್ಯಾಪಿಗೆ ‘ಮುಟ್ಸೋದು’. ಯಾರಿಗೂ ಗೊಂದಲವಿಲ್ಲ. ಈಗ ಮಷೀನಿನ ಪಕ್ಕ ನಾನೇ ಚೀಟಿ ಅಂಟಿಸಿದ್ದೇನೆ: ‘ಮುಟ್ಟಿಸಿ, ಬೀಪ್ ಬರೋವರೆಗೆ ಹಿಡಿಯಿರಿ. ಉಜ್ಜಬೇಡಿ.’ ಬ್ಯಾಂಕುಗಳು ಮಷೀನು ಕೊಡುವಾಗಲೇ ಇಂಥದ್ದೊಂದು ಕನ್ನಡ ಸ್ಟಿಕ್ಕರ್ ಹಚ್ಚಿ ಕೊಡಲಿ. ನೀವೂ ಮುಂದಿನ ಸಲ ಬರೆಯುವಾಗ ಸ್ವೈಪ್ ಯಾವುದು, ಟ್ಯಾಪ್ ಯಾವುದು ನೋಡಿ ಬರೆಯಿರಿ.

– ಗಲ್ಲಾದಲ್ಲಿ ಕೂತ ಒಬ್ಬ ಓದುಗಳು, ಹಾಸನ