ತೊಗಟೆ ಸುಲಿಯುವ ಸಾಧನ ವಾಪಸ್ ತೆಗೆದುಕೊಂಡು ಹಣ ಕೊಡಿ

ಗೆ,
ದೂರು ಪರಿಹಾರ ಅಧಿಕಾರಿಗಳು,
ಆನ್‌ಲೈನ್ ಮಾರಾಟ ವಿಭಾಗ

ವಿಷಯ: ಚೈನ್‌ಸಾಗೆ ಜೋಡಿಸುವ ತೊಗಟೆ ಸುಲಿಯುವ ಸಾಧನ ಕೆಲಸಕ್ಕೆ ಬಾರದಿರುವುದು, ಹಣ ವಾಪಸ್ ಕೊಡಲು ನೀವು ಒಪ್ಪದಿರುವುದು

ಮಾನ್ಯರೇ,

ನಾನು ಸಾಗರ ಕಡೆಯ ಅಡಿಕೆ ಬೆಳೆಗಾರ. ಅಡಿಕೆ ಒಣಗಿಸುವ ಚಪ್ಪರದ ಕಂಬಕ್ಕೆಂದು ನಮ್ಮದೇ ಜಾಗದ ಅಕೇಶಿಯಾ ಕಡಿಸಿದ್ದೆ. ತೊಗಟೆ ಸಮೇತ ಕಂಬ ಹುಗಿದರೆ ಒಳಗೆ ತೇವ ನಿಲ್ಲುತ್ತದೆ, ಗೆದ್ದಲು ಸದ್ದಿಲ್ಲದೆ ಹತ್ತುತ್ತದೆ. ಹಾಗಾಗಿ ಸುಲಿಯಲೇಬೇಕು. ಕತ್ತಿ, ಬಾಚಿ ಹಿಡಿದು ಕೆತ್ತುವವರು ಈಗ ಕೂಲಿಗೆ ಸಿಗುವುದು ಕಷ್ಟ. ನಿಮ್ಮ ಜಾಹೀರಾತಿನಲ್ಲಿ "ಎಲ್ಲಾ ಚೈನ್‌ಸಾಗೂ ಹೊಂದುತ್ತದೆ, ಯಾವ ಮರದ ತೊಗಟೆಯನ್ನಾದರೂ ತೆಗೆಯುತ್ತದೆ" ಅಂತ ಇತ್ತು. ನಂಬಿ 4,850 ರೂಪಾಯಿ ಕೊಟ್ಟು ತರಿಸಿದೆ.

ಎರಡೂ ಮಾತು ಸುಳ್ಳು.

ಈ ಸಾಧನವನ್ನು ಗರಗಸದ ಬಾರಿನ, ಅಂದರೆ ಚೈನ್ ಸುತ್ತುವ ಉದ್ದನೆಯ ಲೋಹದ ಪಟ್ಟಿಯ, ತುದಿಗೆ ಬೋಲ್ಟ್ ಹಾಕಿ ಕೂರಿಸಬೇಕು. ಗರಗಸದ ಚೈನೇ ಇದರ ಸ್ಪ್ರಾಕೆಟ್ (ಹಲ್ಲಿನ ಚಕ್ರ) ತಿರುಗಿಸುತ್ತದೆ, ಅದರಿಂದ ಬ್ಲೇಡಿನ ಉರುಳೆ ತಿರುಗುತ್ತದೆ. ಅಂದಮೇಲೆ ಚೈನಿನ ಪಿಚ್ಚೂ (ಕೊಂಡಿಗಳ ಅಂತರದ ಅಳತೆ) ಸ್ಪ್ರಾಕೆಟ್ಟಿನ ಪಿಚ್ಚೂ ಒಂದೇ ಇರಬೇಕು ಅಲ್ವಾ? ನನ್ನ ಚೈನ್ .325 ಇಂಚಿನದು, ನೀವು ಕಳಿಸಿದ ಸ್ಪ್ರಾಕೆಟ್ 3/8 ಇಂಚಿನದು. ಬಾರಿಗೆ ತೂತು ಕೊರೆಯಬೇಕು ಅನ್ನುವುದನ್ನೂ ಎಲ್ಲಿಯೂ ಹೇಳಿರಲಿಲ್ಲ. ಫೋನಿನಲ್ಲಿ ಜಗಳ ಆಡಿದ ಮೇಲೆ ಸರಿಯಾದ ಸ್ಪ್ರಾಕೆಟ್ ಬಂತು. ಅಷ್ಟರ ಮಟ್ಟಿಗೆ ನಿಮ್ಮ ಹುಡುಗರು ಒಳ್ಳೆಯವರೇ.

ಆಮೇಲಿನದು ದೊಡ್ಡ ಕಥೆ. ನಿಮ್ಮ ವಿಡಿಯೋದಲ್ಲಿರುವುದು ಪೈನ್ ದಿಮ್ಮಿ. ಅದರ ತೊಗಟೆ ಒಣ ಚಕ್ಕೆಯಾಗಿ ಉದುರುತ್ತದೆ, ನೋಡಲು ಚೆಂದ. ಹಸಿ ಅಕೇಶಿಯಾದ ತೊಗಟೆ ಹಾಗಲ್ಲ, ಅದು ಬರೀ ನಾರು. ಬ್ಲೇಡ್ ತಾಗಿದ ಕೂಡಲೇ ಉದ್ದುದ್ದ ಪಟ್ಟಿಯಾಗಿ ಎದ್ದು ಉರುಳೆಗೆ ಸುತ್ತಿಕೊಳ್ಳುತ್ತದೆ, ಅಲ್ಲಿಂದ ಚೈನಿನೊಳಗೆ ನುಗ್ಗುತ್ತದೆ. ಚೈನ್ ಕಳಚಿ ಬೀಳುತ್ತದೆ. ನಿಲ್ಲಿಸು, ಚಾಕುವಿನಲ್ಲಿ ನಾರು ಕೊಯ್ದು ತೆಗೆ, ಮತ್ತೆ ಶುರು ಮಾಡು. ಒಂದು ಕಂಬ ಮುಗಿಯುವಷ್ಟರಲ್ಲಿ ಪಕ್ಕದಲ್ಲಿ ಕತ್ತಿ ಹಿಡಿದವರು ಎರಡು ಮುಗಿಸಿದ್ದರು. ಒಣಗಿಸಿ ನೋಡಿದೆ. ಆಗ ತೊಗಟೆ ಮರಕ್ಕೆ ಗಟ್ಟಿಯಾಗಿ ಕಚ್ಚಿಕೊಂಡಿರುತ್ತದೆ. ಬ್ಲೇಡ್ ಅದರ ಜೊತೆ ಮರವನ್ನೂ ಹೆರೆಯುತ್ತದೆ, ಕಂಬದ ತುಂಬ ಬೆರಳಗಲದ ಗುಳಿ. ಫೋಟೋ ನೋಡಿ.

ಇದಕ್ಕಿಂತ ಗಂಭೀರವಾದ್ದು ಇನ್ನೊಂದಿದೆ. ಮರದ ಗಂಟಿಗೆ ತಾಗಿದರೆ ಗರಗಸ ಮೈಮೇಲೆ ಎಗರುತ್ತದೆ. ಉರುಳೆಗೆ ಸರಿಯಾದ ಗಾರ್ಡ್ ಇಲ್ಲ. ಡಬ್ಬದಲ್ಲಿ ಎಚ್ಚರಿಕೆಯ ಚೀಟಿ ಕನ್ನಡದಲ್ಲಿ ಬಿಡಿ, ಇಂಗ್ಲಿಷಿನಲ್ಲೂ ಇಲ್ಲ. ಆಮದು ಮಾಡಿದವರ ಹೆಸರು, ವಿಳಾಸವೂ ಇಲ್ಲ. ಅದು ಇರಲೇಬೇಕೆಂಬ ಕಾನೂನಿದೆ.

ವಾಪಸ್ ಕೇಳಿದರೆ "ಬಳಸಿದ ವಸ್ತು, ಆಗುವುದಿಲ್ಲ" ಎಂದಿರಿ. ಬಳಸದೆ ದೋಷ ಗೊತ್ತಾಗುವುದು ಹೇಗೆ ಸ್ವಾಮಿ?

ಪೂರ್ತಿ ಹಣ ವಾಪಸ್ ಬೇಕು. ಸಾಗಣೆ ಖರ್ಚು ನಿಮ್ಮದೇ. ಜಾಹೀರಾತಿನಲ್ಲಿ ಯಾವ ಪಿಚ್, ಎಂಥ ಮರ, ಬಾರಿಗೆ ತೂತು ಬೇಕೋ ಬೇಡವೋ ಎಂದು ಸ್ಪಷ್ಟವಾಗಿ ಬರೆಯಿರಿ. ಗಾರ್ಡ್ ಇಲ್ಲದೆ ಇನ್ನೊಬ್ಬರಿಗೆ ಮಾರಬೇಡಿ.

2020ರ ಇ-ಕಾಮರ್ಸ್ ನಿಯಮದ ಪ್ರಕಾರ ದೂರು ತಲುಪಿದ್ದನ್ನು ನೀವು 48 ಗಂಟೆಯೊಳಗೆ ತಿಳಿಸಬೇಕು, ಒಂದು ತಿಂಗಳಲ್ಲಿ ಬಗೆಹರಿಸಬೇಕು. ಆಗದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡುತ್ತೇನೆ, ಅಲ್ಲೂ ಆಗದಿದ್ದರೆ ಶಿವಮೊಗ್ಗದ ಜಿಲ್ಲಾ ಗ್ರಾಹಕ ಆಯೋಗಕ್ಕೆ ಹೋಗುತ್ತೇನೆ.

ಬಿಲ್, ಫೋಟೋ, ವಿಡಿಯೋ ಇದರ ಜೊತೆಗಿವೆ. ಸಾಧನ ಒಯ್ಯಲು ಬರುವವರು ಹಿಂದಿನ ದಿನವೇ ತಿಳಿಸಲಿ. ತೋಟದಲ್ಲಿ ಸಿಗ್ನಲ್ ಸಿಗುವುದಿಲ್ಲ.

ಇಂತಿ,
ನಿಮ್ಮ ಗ್ರಾಹಕ