ಅನೇಲಳ ಆ ಒಂದು ಕೂಗು

ಲಂಡನ್

ಪ್ರೀತಿಯ ಅಕ್ಕಾ,

ಎಲ್ಲರೂ ಹುಷಾರಾಗಿದ್ದೀರಿ ಅಂದುಕೊಂಡಿದ್ದೇನೆ. ನಾನು ಆರಾಮ. ಚಳಿ ಜಾಸ್ತಿ, ಅಷ್ಟೇ. ನಾಟಕದ ವಿಷಯ ಅಂದ್ರೆ ನಿನಗೇ ಹೇಳಬೇಕು, ಅದಕ್ಕೇ ಈ ಪತ್ರ.

ಇಂಗ್ಲಿಷ್ ಕವಿ ರಾಬರ್ಟ್ ಬ್ರೌನಿಂಗ್ 1843ರಲ್ಲಿ ಅಚ್ಚು ಹಾಕಿಸಿದ 'ದಿ ರಿಟರ್ನ್ ಆಫ್ ದಿ ಡ್ರೂಸಸ್' ಓದಿ ಮುಗಿಸಿದೆ. ಪದ್ಯನಾಟಕ, ಐದು ಅಂಕ, ಒಂದೇ ದಿನದ ಕತೆ. ಆಗಿನ ದೊಡ್ಡ ನಟ ಮ್ಯಾಕ್ರೀಡಿ ಇದನ್ನು ಆಡೋಕೆ ಒಪ್ಪಲಿಲ್ಲ. ಮೊದಲೆರಡು ಅಂಕದಲ್ಲಿ ಬರೀ ಮಾತು, ನಿಜ. ಆದರೆ ಕೊನೆ ಅಂಕ ಓದಿದ ರಾತ್ರಿ ನನಗೆ ನಿದ್ದೆ ಹತ್ತಲಿಲ್ಲ.

ಡ್ರೂಸರು ಲೆಬನಾನ್, ಸಿರಿಯಾ ಕಡೆಯ ಬೆಟ್ಟದ ಜನ. ಕೈರೋದ ಖಲೀಫ ಹಾಕಿಮನಲ್ಲಿ ದೇವರು ಕಾಣಿಸಿಕೊಂಡ ಅನ್ನೋದು ಅವರ ನಂಬಿಕೆ. 1021ರ ಒಂದು ರಾತ್ರಿ ಗುಡ್ಡದ ಕಡೆ ಹೋದ ಹಾಕಿಮ ತಿರುಗಿ ಬರಲೇ ಇಲ್ಲ. ಬಂದೇ ಬರುತ್ತಾನೆ ಅಂತ ಜನ ಕಾದರು. ಈ ಕಾಯುವಿಕೆಯ ಮೇಲೆಯೇ ಬ್ರೌನಿಂಗ್ ತನ್ನ ಕತೆ ಕಟ್ಟಿದ್ದಾನೆ.

ಗ್ರೀಸಿನ ಕಡೆಯ ಒಂದು ಪುಟ್ಟ ದ್ವೀಪ. ಲೆಬನಾನ್ ಬಿಟ್ಟು ಬಂದ ಡ್ರೂಸರು ಅಲ್ಲಿ ರೋಡ್ಸ್ ದ್ವೀಪದ ನೈಟ್‌ಗಳ, ಅಂದ್ರೆ ಕ್ರೈಸ್ತ ಯೋಧರ, ಅಧಿಕಾರಿಯ ಕೈಯಲ್ಲಿ ನರಳುತ್ತಿದ್ದಾರೆ. ಡ್ರೂಸರವನೇ ಆದ ಜಬಲನ ಮನೆಯವರನ್ನು ಕೊಲ್ಲಿಸಿದವನೂ ಆ ಅಧಿಕಾರಿಯೇ. ಜಬಲ್ 'ನಾನೇ ಹಾಕಿಮ, ನಿಮ್ಮನ್ನು ಊರಿಗೆ ಕರೆದುಕೊಂಡು ಹೋಗ್ತೀನಿ' ಅನ್ನುತ್ತಾನೆ. ವೆನಿಸ್‌ನ ಹಡಗುಗಳೂ ಹೊರಟಿವೆ. ಜನರನ್ನು ಬಿಡಿಸಿದವನನ್ನೇ ಮದುವೆಯಾಗ್ತೀನಿ ಅಂತ ಪಣ ತೊಟ್ಟ ಡ್ರೂಸರ ಹುಡುಗಿ ಅನೇಲ್. ಅಧಿಕಾರಿಯನ್ನು ತನ್ನ ಕೈಯಾರೆ ಕೊಂದು ಬರುತ್ತಾಳೆ. ಆಗ ಜಬಲ್ ಬಾಯಿಬಿಡುತ್ತಾನೆ: ನಾನು ದೇವರಲ್ಲ.

ಕೊನೆಗೆ ಜಬಲನ ಬಣ್ಣ ಬಯಲು ಮಾಡೋಕೆ ಅಂತ ಮುಸುಕು ಹಾಕಿದ ಸಾಕ್ಷಿಯನ್ನು ಜನರ ಮುಂದೆ ತರುತ್ತಾರೆ. ಮುಸುಕು ಸರಿದರೆ ಅನೇಲ್! ಅವಳು 'ಹಾಕಿಮ್!' ಅಂತ ಕೂಗಿ ಸತ್ತು ಬೀಳುತ್ತಾಳೆ. ಅವಳ ಒಡಹುಟ್ಟಿದ ಖಲೀಲನಿಗೆ ಏನೂ ಗೊತ್ತಿಲ್ಲ. ಬದುಕಿಸು ಅಂತ ಜಬಲನನ್ನೇ ಬೇಡುತ್ತಾನೆ. ಇವತ್ತು ನಿನಗೋಸ್ಕರವೇ ಹೀಗೆ ಜಡೆ ಹೆಣೆದುಕೊಂಡಿದ್ದಳು, ಮುಟ್ಟಿ ನೋಡು, ಎಷ್ಟು ಮೆತ್ತಗಿದೆ ಅನ್ನುತ್ತಾನೆ. ಜಬಲ್ ಏನು ಮಾಡಿಯಾನು ಅಕ್ಕಾ? ಜನರನ್ನು ಖಲೀಲನಿಗೆ ಒಪ್ಪಿಸಿ, ಇರಿದುಕೊಂಡು, ಬೆಟ್ಟದ ಕಡೆ ನಡೀರಿ ಅಂತ ಹೇಳಿ ಸಾಯುತ್ತಾನೆ.

ಅನೇಲ್ ನಂಬಿ ಕೂಗಿದಳಾ, ಪ್ರೀತಿಗೆ ಕೂಗಿದಳಾ? ನನ್ನ ಪ್ರಕಾರ ಎಲ್ಲ ತಿಳಿದೇ ಕೂಗಿದಳು. ನಿಜ ಹೇಳಿದ್ದರೆ ಜಬಲನ ಜೊತೆ ಆ ಜನರೂ ಅಲ್ಲೇ ಕುಸಿಯುತ್ತಿದ್ದರು, ಅಲ್ವಾ? ನೀನು ಅವಳ ಪಾತ್ರ ಮಾಡಿದರೆ ಆ ಕೂಗನ್ನು ಹೇಗೆ ಕೂಗ್ತೀಯ, ಬರೆದು ತಿಳಿಸು. ಐದನೇ ಅಂಕವನ್ನು ಕನ್ನಡಕ್ಕೆ ತರ್ತಾ ಇದ್ದೀನಿ, ಮುಗಿದ ಕೂಡಲೇ ಕಳಿಸ್ತೀನಿ.

ಅಪ್ಪ ಅಮ್ಮನಿಗೆ ನಮಸ್ಕಾರ.

ನಿನ್ನ ತಂಗಿ